ಮೊದಲು ಯಾವುದನ್ನು ಮುಚ್ಚಬೇಕು? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲೇ ಕೊರೆಯುತ್ತಿದೆ. “ಸೋಲಾರ್, ಗಾಳಿಯ ಸಾಲಿನಲ್ಲಿ ಅಣುಶಕ್ತಿಯನ್ನೂ ಕೂರಿಸಿ ಶುದ್ಧ ಅನ್ನೋದು ನ್ಯಾಯವೇ?” ಅಂದೆ. ಆಗ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಂಗಾಲದ ಲೆಕ್ಕ ಮೊದಲು ಮುಗಿಸಿಬಿಡೋಣ. ಗಣಿ ಅಗೆಯುವುದರಿಂದ ಹಿಡಿದು ಸ್ಥಾವರ ಕೆಡವುವವರೆಗೆ ಎಲ್ಲ ಸೇರಿಸಿ ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ, 2014ರಲ್ಲಿ ಒಂದು ಅಂದಾಜು ಕೊಟ್ಟಿತು. ಒಂದು ಯೂನಿಟ್ ಕರೆಂಟಿಗೆ ಕಲ್ಲಿದ್ದಲಿನಿಂದ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಸುಮಾರು 820 ಗ್ರಾಂ. ಅಣುವಿನಿಂದ 12. ಗಾಳಿಯದ್ದೂ ಹೆಚ್ಚುಕಡಿಮೆ ಅಷ್ಟೇ. ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಆದರೆ ನಿನ್ನ ಭಯ ಇಂಗಾಲದ್ದಲ್ಲ, ಅಲ್ವಾ? ಕಸದ್ದು.

ಅಣುಸ್ಥಾವರದ ಯುರೇನಿಯಂ ಇಂಧನದ ಗುಳಿಗೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೋ. ಕಪ್ಪಗೆ, ಬೆರಳ ತುದಿಯಷ್ಟು ದೊಡ್ಡದು. ಒಂದು ಟನ್ ಕಲ್ಲಿದ್ದಲು ಸುಟ್ಟರೆ ಎಷ್ಟು ಶಾಖ ಬರುತ್ತದೋ ಹೆಚ್ಚುಕಡಿಮೆ ಅಷ್ಟನ್ನು ಅದೊಂದೇ ಕೊಡುತ್ತದೆ. ಇಂಥ ಗುಳಿಗೆಗಳನ್ನು ಉದ್ದನೆಯ ಲೋಹದ ಕೊಳವೆಗಳಲ್ಲಿ ಒಂದರ ಮೇಲೊಂದು ಪೇರಿಸಿ, ಕೊಳವೆಗಳನ್ನು ಕಂತೆ ಕಟ್ಟಿ, ಅಣು ಒಡೆದು ಶಾಖ ತೆಗೆಯುವ ರಿಯಾಕ್ಟರಿಗೆ ಇಳಿಸುತ್ತಾರೆ. ಕೆಲವು ವರ್ಷ ಕಳೆದು ಹೊರಗೆ ಬರುವಾಗ ನೋಡಲು ಹೆಚ್ಚೇನೂ ಬದಲಾಗಿರುವುದಿಲ್ಲ. ಆದರೆ ಈಗ ಬರಿಗೈಯಲ್ಲಿ ಹತ್ತಿರ ಹೋದವನು ಬದುಕುವುದಿಲ್ಲ. ಆಳವಾದ ಕೊಳದಲ್ಲಿ ಮುಳುಗಿಸಿಡುತ್ತಾರೆ. ಸುತ್ತಲಿನ ನೀರು ನೀಲಿಯಾಗಿ ಹೊಳೆಯುತ್ತದೆ.

ಕಲ್ಲಿದ್ದಲಿನ ಕಸ ಗಾಳಿಗೆ ಹೋಗಿ ಯಾರ ಯಾರದೋ ಎದೆ ಸೇರುತ್ತದೆ. ಅಣುವಿನ ಈ ಕಸ ಇಟ್ಟಲ್ಲೇ ಇರುತ್ತದೆ, ಎಣಿಸಬಹುದು, ಕಾವಲು ಹಾಕಬಹುದು. ಆದರೆ ಸಾವಿರಾರು ವರ್ಷ ಕಾಯುವುದು ಸುಮ್ನೆ ಮಾತಲ್ಲ. ಫಿನ್ಲೆಂಡಿನವರು ಓಂಕಾಲೋದಲ್ಲಿ 400 ಮೀಟರಿಗೂ ಆಳಕ್ಕೆ ಬಂಡೆ ಕೊರೆದಿದ್ದಾರೆ. ಕಸವನ್ನು ತಾಮ್ರದ ಡಬ್ಬಿಗಳಲ್ಲಿ ಹಾಕಿ, ಸುತ್ತ ಜೇಡಿಮಣ್ಣು ತುಂಬಿ ಹೂಳುವ ಏರ್ಪಾಡು. ಉಳಿದ ಬಹುಪಾಲು ದೇಶಗಳು ಇಷ್ಟು ದೂರ ಬಂದಿಲ್ಲ. ಅದು ನನಗೂ ಸಂಕಟವೇ.

2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತ ಆದಾಗ ನಾನೂ ನಿನ್ನ ಪಕ್ಷದಲ್ಲೇ ಇದ್ದೆ, ನೆನಪಿದೆಯಾ? ಆಮೇಲೆ ಕೂತು ಓದಿದೆ. ಭೂಕಂಪವಾದ ಕೂಡಲೇ ಓಡುತ್ತಿದ್ದ ರಿಯಾಕ್ಟರುಗಳು ತಾವಾಗಿಯೇ ನಿಂತಿದ್ದವು. ಆದರೆ ನಿಂತ ಮೇಲೂ ಇಂಧನದಿಂದ ಶಾಖ ಬರುತ್ತಲೇ ಇರುತ್ತದೆ, ತಣಿಸುವ ಪಂಪಿಗೆ ಕರೆಂಟ್ ಬೇಕು. ಸುನಾಮಿ ನುಗ್ಗಿ ಡೀಸೆಲ್ ಜನರೇಟರುಗಳನ್ನೇ ಮುಳುಗಿಸಿತು. ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟರು. ಅಪಘಾತ ಆಗುವುದೇ ಇಲ್ಲ ಅಂತ ನಾನು ಯಾವತ್ತೂ ಹೇಳಲಾರೆ. ಕಲ್ಲಿದ್ದಲಿನ ಸ್ಥಾವರ ಮಾತ್ರ ಅಪಘಾತವೇ ಇಲ್ಲದೆ, ದಿನನಿತ್ಯದ ಹೊಗೆಯಿಂದಲೇ ಜನರನ್ನು ಕೊಲ್ಲುತ್ತದೆ.

ಅದಕ್ಕೇ ಜರ್ಮನಿಯ ನಿರ್ಧಾರ ನೆನೆದರೆ ಹೊಟ್ಟೆ ಉರಿಯುತ್ತದೆ. 2023ರ ಏಪ್ರಿಲ್ 15ರಂದು ಕೊನೆಯ ಮೂರು ರಿಯಾಕ್ಟರುಗಳನ್ನು ನಿಲ್ಲಿಸಿದರು. ಮೂರೂ ಚೆನ್ನಾಗಿಯೇ ಓಡುತ್ತಿದ್ದವು. ಕಲ್ಲಿದ್ದಲಿಗೆ ಅಲ್ಲಿನ ಕಾನೂನು ಕೊಟ್ಟ ಗಡುವು 2038. ಸರದಿ ತಿರುಗುಮುರುಗಾಯಿತಲ್ಲ!

ಹಾಗಂತ ಎಲ್ಲ ಕಡೆ ಹೊಸದು ಕಟ್ಟಿ ಅಂತ ನಾನು ಹೇಳುತ್ತಿಲ್ಲ. ಫ್ರಾನ್ಸಿನ ಫ್ಲಮನ್ವಿಲ್‌ನಲ್ಲಿ ಮೂರನೇ ರಿಯಾಕ್ಟರಿನ ಕೆಲಸ ಶುರುವಾಗಿದ್ದು 2007ರಲ್ಲಿ, 2012ಕ್ಕೆ ಮುಗಿಯಬೇಕಿತ್ತು. ಗ್ರಿಡ್ಡಿಗೆ ಸೇರಿದ್ದು 2024ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಸೋಲಾರ್ ಪ್ಯಾನೆಲ್ಲಿನ ಬೆಲೆ ನೆಲಕಚ್ಚಿತ್ತು. ಹೊಸ ಹಣ ಹೆಚ್ಚಾಗಿ ಬಿಸಿಲಿಗೂ ಗಾಳಿಗೂ ಹೋಗಲಿ, ನನ್ನ ತಕರಾರಿಲ್ಲ. ಓಡುತ್ತಿರುವ ರಿಯಾಕ್ಟರು ಸುರಕ್ಷಿತವಾಗಿದ್ದರೆ ಅದನ್ನು ಬಿಟ್ಟು ಮೊದಲು ಕಲ್ಲಿದ್ದಲನ್ನು ನಿಲ್ಲಿಸಿ ಅನ್ನುವುದಷ್ಟೇ ನನ್ನ ಮಾತು.

ನೀನು ಬ್ಯಾಟರಿ ಇದೆಯಲ್ಲ ಅಂದೆ. ಸಂಜೆಯ ಕೆಲವು ಗಂಟೆಗಳಿಗೆ ಸರಿ, ಒಪ್ಪಿದೆ. ಮೋಡ ಕವಿದು, ಗಾಳಿಯೂ ಬೀಸದೆ ವಾರಗಟ್ಟಲೆ ಕೂತರೆ ಏನು ಮಾಡುತ್ತೀ? ಇದಕ್ಕೆ ನಿನ್ನ ಉತ್ತರ ಬೇಕು. ಫೋನ್ ಬೇಡ, ಬರೆದೇ ಕಳಿಸು.

ಇಂತಿ,
ನಿನ್ನ ಗೆಳೆಯ