ಬ್ಯಾಕಪ್ ಡಿಎನ್‌ಎಸ್ ಸರ್ವರ್ ಕೈಕೊಟ್ಟ ಬಗ್ಗೆ ದೂರು

ಇಂದ: ಮಾಲೀಕರು, ದಿನಸಿ ಸಗಟು ಅಂಗಡಿ, ಮಾಟುಂಗಾ, ಮುಂಬಯಿ
ಗೆ: ಮ್ಯಾನೇಜರ್, ನೆಟ್‌ವರ್ಕ್ ಸರ್ವಿಸ್ ವಿಭಾಗ

ಮಾನ್ಯರೇ,

ನಮ್ಮ ಮಾಟುಂಗಾ ಆಫೀಸಿನಲ್ಲಿ ಒಂದು, ವಾಶಿ ಗೋಡೌನಿನಲ್ಲಿ ಒಂದು ಡಿಎನ್‌ಎಸ್ ಸರ್ವರ್ ಹಾಕಿಕೊಟ್ಟವರು ನೀವೇ. ಒಂದು ಮೆಷಿನ್ ಹೆಸರು ಕೇಳಿದರೆ ಅದರ ವಿಳಾಸ ಹೇಳುವುದೇ ಇವುಗಳ ಕೆಲಸ. ಒಂದು ಕೆಟ್ಟರೆ ಇನ್ನೊಂದು ನೋಡಿಕೊಳ್ಳುತ್ತದೆ ಅಂದಿದ್ದಿರಿ. ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಇಟ್ಟದ್ದು ಒಳ್ಳೆಯದೇ, ಅದಕ್ಕೆ ತಕರಾರಿಲ್ಲ. ಕಳೆದ ಸೋಮವಾರ ಬೆಳಗಿನ ಜಾವ ಮಾಟುಂಗಾದ್ದು ಕೆಟ್ಟಿತು. ವಾಶಿಯದ್ದು ಬಾಯಿಯೇ ಬಿಡಲಿಲ್ಲ.

ಬಿಲ್ಲಿಂಗ್ ಸರ್ವರ್ ಆರಾಮಾಗಿ ಓಡುತ್ತಿತ್ತು. ಅದು ಎಲ್ಲಿದೆ ಅಂತ ಕಂಪ್ಯೂಟರ್‌ಗಳಿಗೆ ಹೇಳುವವರೇ ಇರಲಿಲ್ಲ, ಅಷ್ಟೇ. ಚಲನ್ ಪ್ರಿಂಟ್ ಆಗದೆ ಟೆಂಪೋಗಳು ಗೋಡೌನ್ ಮುಂದೆ ಸಾಲಾಗಿ ನಿಂತವು. ಕೊನೆಗೆ ಗುಮಾಸ್ತರು ಕಾರ್ಬನ್ ಹಾಳೆ ಹುಡುಕಿ ತಂದು ಕೈಯಲ್ಲೇ ಬರೆದರು. ನಮ್ಮ ಗಿರಾಕಿಗಳು ಹೋಟೆಲಿನವರು. ಡಿಎನ್‌ಎಸ್ ಕಟ್ಟಿಕೊಂಡು ಅವರಿಗೆ ಏನಾಗಬೇಕು? ಉದ್ದಿನಬೇಳೆ ಬಂತಾ ಇಲ್ವಾ ಅನ್ನುವುದೊಂದೇ ಪ್ರಶ್ನೆ.

ನಿಮಗೆ ಫೋನ್ ಮಾಡಿದರೆ ನಿಮ್ಮವರು, "ಬ್ಯಾಕಪ್ ಸರಿಯಾಗಿದೆ ಸಾರ್, ಪಿಂಗ್ ಬರ್ತಾ ಇದೆಯಲ್ಲ" ಅಂದರು. ಪಿಂಗ್ ಬಂದರೆ ಮೆಷಿನ್ ಆನ್ ಇದೆ ಅಂತ ಮಾತ್ರ ಗೊತ್ತಾಗುತ್ತದೆ. ಡಿಎನ್‌ಎಸ್‌ಗೆ ಹೆಸರು ಕೇಳಿ ನೋಡುವ ಎನ್‌ಎಸ್‌ಲುಕಪ್ ಕಮಾಂಡ್‌ನಲ್ಲಿ ಬಿಲ್ಲಿಂಗ್ ಸರ್ವರ್ ಹೆಸರು ಹಾಕಿದರೆ 'ಸರ್ವರ್ ಫೇಲ್ಡ್' ಅಂತ ಬರುತ್ತಿತ್ತು.

ಸರ್ವರ್‌ನ ಲಾಗ್, ಅಂದರೆ ನಡೆದದ್ದನ್ನೆಲ್ಲ ಬರೆದಿಡುವ ದಾಖಲೆ, ತೆಗೆಸಿ ನೋಡಿದಾಗ ಸಂಗತಿ ಹೊರಬಿತ್ತು. ಮಳೆಗಾಲಕ್ಕೆ ಮುಂಚೆ ವಾಶಿಯ ಫೈರ್‌ವಾಲ್ (ನೆಟ್‌ವರ್ಕಿನ ಕಾವಲುಗಾರ) ಬದಲಿಸಿದ್ದು ನಿಮ್ಮವರೇ. ಅದರಲ್ಲಿ ಡಿಎನ್‌ಎಸ್‌ನ ಬಾಗಿಲಾದ 53ನೇ ಪೋರ್ಟನ್ನು ಯುಡಿಪಿಗೆ ತೆರೆದು ಟಿಸಿಪಿಗೆ ಮುಚ್ಚಿದ್ದಾರೆ. ಯುಡಿಪಿ, ಟಿಸಿಪಿ ಎರಡೂ ಡೇಟಾ ಕಳಿಸುವ ಬೇರೆ ಬೇರೆ ವಿಧಾನ. ಸಾಮಾನ್ಯವಾಗಿ ಹೆಸರು ವಿಚಾರಿಸುವುದು ಯುಡಿಪಿಯಲ್ಲೇ ನಡೆಯುತ್ತದೆ, ಸರಿ. ಆದರೆ ಹೆಸರುಗಳ ಪೂರ್ತಿ ಪಟ್ಟಿ, ಅಂದರೆ ಝೋನ್, ಮುಖ್ಯ ಸರ್ವರ್‌ನಿಂದ ಬ್ಯಾಕಪ್‌ಗೆ ಹೋಗುವುದು ಟಿಸಿಪಿಯಲ್ಲಿ. ಆಮೇಲೆ ಒಂದು ಹೊಸ ಪ್ರಿಂಟರ್ ಹೆಸರು ಸೇರಿತು, ಪಟ್ಟಿ ಬದಲಾಗಿದೆ ಅಂತ ಬ್ಯಾಕಪ್‌ಗೆ ತಿಳಿಸುವ ಸೀರಿಯಲ್ ನಂಬರ್ ಮುಂದೆ ಹೋಯಿತು. ಹೊಸ ಪಟ್ಟಿ ವಾಶಿಗೆ ತಲುಪಲೇ ಇಲ್ಲ. ಹಳೇ ಪಟ್ಟಿಗೆ ನೀವು ಇಟ್ಟ ಎಕ್ಸ್‌ಪೈರ್ ಅವಧಿ 6,04,800 ಸೆಕೆಂಡ್, ಅಂದರೆ 7 ದಿನ. ಅದು ಮುಗಿದ ಮೇಲೆ ಬ್ಯಾಕಪ್ ಉತ್ತರ ಕೊಡುವುದನ್ನೇ ನಿಲ್ಲಿಸಿದೆ. ಟ್ರಾನ್ಸ್‌ಫರ್ ಫೇಲ್ ಆದ ಸಾಲುಗಳು ಲಾಗ್‌ನಲ್ಲಿ ಪುಟಗಟ್ಟಲೆ ಇವೆ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ದುಡ್ಡು ಮಾತ್ರ ತಪ್ಪದೆ ತಗೊಂಡಿರಿ, ಲಾಗ್ ಯಾರೂ ತೆರೆದೇ ಇಲ್ಲ ಅಲ್ವಾ?

ಇಷ್ಟಾದ ಮೇಲೆ ನಿಮ್ಮ ಎಂಜಿನಿಯರ್ ಮಾಡಿದ ರಿಪೇರಿ ಇನ್ನೂ ಚೆನ್ನಾಗಿದೆ. ಎಲ್ಲ ಕಂಪ್ಯೂಟರ್‌ಗೂ ಎರಡನೇ ಡಿಎನ್‌ಎಸ್ ಅಂತ 8.8.8.8 ಹಾಕಿ ಹೋದರು. ಅದು ಗೂಗಲ್‌ನ ಸಾರ್ವಜನಿಕ ಸರ್ವರ್. ನಮ್ಮ ಗೋಡೌನಿನ ಪ್ರಿಂಟರ್ ಅದಕ್ಕೆ ಹೇಗೆ ಗೊತ್ತಿರಬೇಕು? 'ಆ ಹೆಸರೇ ಇಲ್ಲ' ಅನ್ನುತ್ತದೆ, ಕಂಪ್ಯೂಟರ್ ಅದನ್ನೇ ನಂಬಿ ಸುಮ್ಮನಾಗುತ್ತದೆ.

ಎರಡು ಸರ್ವರ್‌ಗಳ ನಡುವೆ ಮಾತ್ರ ಟಿಸಿಪಿ 53 ತೆರೆಯಿರಿ. 8.8.8.8 ಅನ್ನು ಕಂಪ್ಯೂಟರ್‌ಗಳಿಂದ ತೆಗೆಯಿರಿ, ಬೇಕಿದ್ದರೆ ಸರ್ವರ್‌ಗಳಲ್ಲಿ ಫಾರ್ವರ್ಡರ್ ಆಗಿ, ಅಂದರೆ ಹೊರಗಿನ ಹೆಸರುಗಳನ್ನು ಮಾತ್ರ ಕೇಳಲು, ಇರಲಿ. ಆಮೇಲೆ ಮಾಟುಂಗಾದ್ದನ್ನು ನಮ್ಮೆದುರಿಗೇ ಆಫ್ ಮಾಡಿ ಒಂದು ಚಲನ್ ಪ್ರಿಂಟ್ ತೆಗೆದು ತೋರಿಸಿ. ಫೈರ್‌ವಾಲ್ ಬದಲಿಸಿದ ದಿನದಿಂದ ಬ್ಯಾಕಪ್ ಸರ್ವರ್‌ಗೆ ತಗೊಂಡ ಎಎಂಸಿ ಹಣ ವಾಪಸ್ ಕೊಡಿ. ಅಲ್ಲಿಯವರೆಗೆ ಹೊಸ ಬಿಲ್ ಪಾಸ್ ಮಾಡುವುದಿಲ್ಲ.

ಪರೀಕ್ಷೆ ಮಧ್ಯಾಹ್ನ ಇಟ್ಟುಕೊಳ್ಳಿ. ಬೆಳಗ್ಗೆ ಲೋಡಿಂಗ್ ಹೊತ್ತಿನಲ್ಲಿ ಬರಬೇಡಿ.

ಇತಿ,
ಮಾಲೀಕರು