ಪಂಚೆ ಉಟ್ಟ ಸ್ಪೈಡರ್‌ಮ್ಯಾನ್

ಪ್ರೀತಿಯ ಪುಟ್ಟಿ,

ನಿನ್ನೆ ಸಿನಿಮಾ ನೋಡ್ತಾ ಪವಿತ್ರ್ ಪ್ರಭಾಕರ್ ಬಂದ ಕೂಡಲೇ ನೀನು "ಅಮ್ಮಾ, ಹೊಸ ಸ್ಪೈಡರ್‌ಮ್ಯಾನ್ ನೋಡು, ನಮ್ಮ ದೇಶದವನು!" ಅಂತ ಕೂಗಿದೆ. ನಾನು ಸುಮ್ನೆ ತಲೆಯಾಡಿಸಿದೆ. ಮಾತಾಡಿದ್ದರೆ ದನಿ ನಡುಗುತ್ತಿತ್ತು. ಅವನು ಹೊಸಬನಲ್ಲ ಕಣೇ. ನಿನಗಿಂತ ದೊಡ್ಡವನು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮನೆಗೆ ಬಂದವನು.

ಅದು 2004. ಸ್ಪೈಡರ್‌ಮ್ಯಾನ್‌ನ ಎರಡನೇ ಸಿನಿಮಾ ಬಂದ ವರ್ಷ. ಅದೇ ಹೊತ್ತಿಗೆ ಗೋಥಮ್ ಅನ್ನುವ ಕಂಪನಿಯವರು ಸ್ಪೈಡರ್‌ಮ್ಯಾನ್ ಕಾಮಿಕ್ಸ್ ತರುವ ಅಮೆರಿಕದ ಮಾರ್ವೆಲ್ ಕಂಪನಿಯಿಂದ ಹಕ್ಕು ತಗೊಂಡು 'ಸ್ಪೈಡರ್‌ಮ್ಯಾನ್: ಇಂಡಿಯಾ' ಅಂತ ಒಂದು ಕಾಮಿಕ್ಸ್ ತಂದರು. ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್, ಈ ಮೂವರು ಸೇರಿ ಮಾಡಿದ ಕಥೆ. ಚಿತ್ರ ಜೀವನ್ ಕಾಂಗ್ ಅವರದು. ಇದ್ದದ್ದು ನಾಲ್ಕೇ ಸಂಚಿಕೆ.

ನನಗೂ ನಿನ್ನ ಮಾವನಿಗೂ ಮೊದಲು ಹಿಡಿಸಿದ್ದು ಹೆಸರುಗಳು. ಮೂಲ ಸ್ಪೈಡರ್‌ಮ್ಯಾನ್ ಪೀಟರ್ ಪಾರ್ಕರ್ ಇಲ್ಲಿ ಪವಿತ್ರ್ ಪ್ರಭಾಕರ್. ಅಂಕಲ್ ಬೆನ್ ಹೋಗಿ ಭೀಮ್ ಆಗಿದ್ದ, ಆಂಟ್ ಮೇ ಮಾಯಾ ಆಗಿದ್ದಳು. ಮೇರಿ ಜೇನ್ ಅಂದರೆ ಮೀರಾ ಜೈನ್. ಖಳನಾಯಕ ನಾರ್ಮನ್ ಆಸ್ಬಾರ್ನ್‌ನ ಜಾಗದಲ್ಲಿ ನಳಿನ್ ಒಬೆರಾಯ್. ಮಾವ ಆಗ ಏಳನೇ ಕ್ಲಾಸು. ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ, "ಇವನ್ಯಾರು ಹೇಳು ನೋಡೋಣ" ಅನ್ನುತ್ತಿದ್ದ.

ಆ ವರ್ಷ ನಾನು ಕನ್ನಡ ಮೀಡಿಯಂ ಬಿಟ್ಟು ಇಂಗ್ಲಿಷ್ ಮೀಡಿಯಂ ಸೇರಿದ್ದೆ. ನಿನಗೆ ಇದನ್ನು ಯಾವತ್ತೂ ಹೇಳಿಲ್ಲ ಅಲ್ವಾ? ಕ್ಲಾಸಿನಲ್ಲಿ ಬಾಯಿ ಬಿಟ್ಟರೆ ಹಿಂದಿನ ಬೆಂಚಿನವರು ನಗುತ್ತಿದ್ದರು. ಹಾಗಾಗಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದೆ. ನಮಗೆ ಸಿಕ್ಕಿದ ಕಾಮಿಕ್ಸೂ ಇಂಗ್ಲಿಷಿನದೇ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಮಾತಿನ ಬಲೂನು ಓದಿದೆ. ಒಳಗಿದ್ದ ಹುಡುಗ ಸ್ಕಾಲರ್‌ಶಿಪ್ ಸಿಕ್ಕಿ ಹಳ್ಳಿಯಿಂದ ಮುಂಬೈಗೆ ಬಂದವನು. ಹಳ್ಳಿಯವನು, ಪುಸ್ತಕದ ಹುಳು ಅಂತ ಸ್ಕೂಲಿನಲ್ಲಿ ಹುಡುಗರು ಅವನನ್ನು ಕಾಡುತ್ತಾರೆ, ಹೊಡೆಯುತ್ತಾರೆ. ಮೀರಾ ಒಬ್ಬಳೇ ಅವನ ಜೊತೆ ಮಾತಾಡುವವಳು. ಆ ಪುಟಗಳನ್ನು ಎಷ್ಟು ಸಲ ಓದಿದ್ದೇನೋ. ಮುಂದಿನ ಹೊಡೆದಾಟದ ಪುಟಗಳು ಇವತ್ತಿಗೂ ಹೊಸದರ ಹಾಗಿವೆ, ಈ ಪುಟಗಳ ಅಂಚು ಮಾತ್ರ ಮೆತ್ತಗಾಗಿದೆ.

ಆಮೇಲೆ ಅವನು ಸ್ಪೈಡರ್‌ಮ್ಯಾನ್ ಆಗುತ್ತಾನಲ್ಲ, ಆಗ ಏನು ಉಡುತ್ತಾನೆ ಗೊತ್ತಾ? ಮೇಲೆ ನಮಗೆಲ್ಲ ಗೊತ್ತಿರುವ ಅದೇ ಜೇಡರ ಬಲೆಯ ಅಂಗಿ, ಅದೇ ಮುಖವಾಡ. ಕೆಳಗೆ ಪಂಚೆ! ಕಚ್ಚೆ ಹಾಕಿದ ಪಂಚೆ. ಹಳ್ಳಿಯವನು ಅಂತ ನಕ್ಕರಲ್ಲ, ಅವರೆಲ್ಲ ತಲೆಯೆತ್ತಿ ನೋಡುವ ಹಾಗೆ ಪಂಚೆಯಲ್ಲೇ ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಾನೆ. ಬರೆದವರು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಇಲ್ಲವೋ, ನಾನು ಓದಿದ್ದು ಹಾಗೆ. ಆವತ್ತು ಆ ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ.

ಒಂದು ವಿಷಯಕ್ಕೆ ಮಾತ್ರ ನನಗೂ ಮಾವನಿಗೂ ಜಗಳ. ಪೀಟರ್‌ಗೆ ಜೇಡ ಕಚ್ಚಿ ಶಕ್ತಿ ಬಂತು. ಪವಿತ್ರ್‌ಗೆ ಒಬ್ಬ ಯೋಗಿ ಶಕ್ತಿ ಕೊಡುತ್ತಾನೆ. ನನಗದು ಸರಿಬರಲಿಲ್ಲ. ಜೇಡಕ್ಕೆ ಒಳ್ಳೆಯವರು ಕೆಟ್ಟವರು ಅಂತ ಗೊತ್ತಿರಲ್ಲ. ಯಾರನ್ನು ಬೇಕಾದರೂ ಕಚ್ಚಬಹುದಿತ್ತು, ನನ್ನನ್ನೂ ಕಚ್ಚಬಹುದಿತ್ತು. ಯೋಗಿ ಹಾಗಲ್ಲ, ಅವನು ಆರಿಸಿ ಕೊಡುತ್ತಾನೆ. ಆರಿಸುವವನು ಬಂದರೆ ಹಿಂದಿನ ಬೆಂಚಿಗೆ ಹೆದರಿ ಸುಮ್ನೆ ಕೂತವಳ ಹತ್ತಿರ ಯಾಕೆ ಬರುತ್ತಾನೆ ಅನ್ನುವುದು ನನ್ನ ವಾದ. ಮಾವ ಹೇಳುತ್ತಿದ್ದ: "ಜೇಡ ಕಚ್ಚಿದರೆ ಬೇಡ ಅನ್ನಕ್ಕಾಗುತ್ತಾ? ಯೋಗಿ ಕೊಟ್ಟರೆ ಬೇಡ ಅನ್ನಬಹುದು. ಪವಿತ್ರ್ ಹೂಂ ಅಂದ, ಅದಕ್ಕೇ ಅವನು ದೊಡ್ಡವನು." ಏಳನೇ ಕ್ಲಾಸಿನ ಹುಡುಗ ಹೇಳಿದ ಮಾತು. ನನಗೆ ಇವತ್ತಿಗೂ ಅದಕ್ಕೆ ಉತ್ತರ ಸಿಕ್ಕಿಲ್ಲ. ಹಾಗಂತ ಒಪ್ಪಿಕೊಂಡೂ ಇಲ್ಲ.

ನಾಲ್ಕನೇ ಸಂಚಿಕೆ ಮುಗಿದ ಮೇಲೆ ಐದನೆಯದಕ್ಕೆ ಕಾದೆವು. ನಾಲ್ಕಕ್ಕೇ ಮುಗಿಯುವ ಕಥೆ ಅಂತ ನಮಗೆ ಯಾರು ಹೇಳಬೇಕು? ತಿಂಗಳುಗಟ್ಟಲೆ ಕಾದು, ಕೊನೆಗೆ ಐದನೆಯದನ್ನು ನಾವೇ ಮಾಡಲು ಕೂತೆವು. ಲಾಂಗ್ ನೋಟ್‌ಬುಕ್ಕಿನ ಹಿಂದಿನ ಹಾಳೆಗಳು. ಚಿತ್ರ ಮಾವನದು, ಮಾತು ನನ್ನದು. ಮುಖವಾಡ ಬಿಡಿಸುವುದು ಸುಲಭ, ಬಲೆಯೂ ಸುಲಭ. ಕಷ್ಟವಾಗಿದ್ದು ಪಂಚೆ. ಗಾಳಿಯಲ್ಲಿ ಹಾರುವಾಗ ನೆರಿಗೆ ಯಾವ ಕಡೆ ಹೋಗುತ್ತೆ? ಮಾವ ಬಿಡಿಸುತ್ತಾನೆ, ಅಳಿಸುತ್ತಾನೆ, ಹಾಳೆ ತೂತು ಬಿತ್ತು. ಕೊನೆಗೆ ನಿನ್ನ ತಾತನ ಪಂಚೆ ತಂದು ಕಚ್ಚೆ ಹಾಕಿಕೊಂಡು, "ಅಕ್ಕಾ, ನೀನು ನೆರಿಗೆ ಮಾತ್ರ ನೋಡು" ಅಂತ ಮಂಚದಿಂದ ಹಾರಿದ. ಒಂದು ಸಲ ಅಲ್ಲ, ಏಳೆಂಟು ಸಲ. ಮೇಲೆ ಹೋಗುವಾಗ ನೆರಿಗೆ ಕಾಲಿಗೆ ಅಂಟಿಕೊಳ್ಳುತ್ತೆ, ಕೆಳಗೆ ಬರುವಾಗ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತೆ. ನಾನು ನೋಡಿ ನೋಡಿ ಹೇಳಿದೆ, ಅವನು ಬಂದು ಬಿಡಿಸಿದ.

ಮಾತು ಬರೆಯುವಾಗ ನನಗೆ ಯೋಚನೆಯೇ ಬರಲಿಲ್ಲ, ಕೈ ತಾನಾಗಿ ಕನ್ನಡದಲ್ಲಿ ಬರೆಯಿತು. "ತಪ್ಪಿಸ್ಕೋ ನೋಡೋಣ, ಒಬೆರಾಯ್!" ಅನ್ನುವುದು ಮೊದಲ ಬಲೂನು. ಎಷ್ಟೋ ದಿನ ಆದಮೇಲೆ ಮನಸ್ಸಿಗೆ ಬಂದದ್ದನ್ನು ತಡವರಿಸದೆ ಹೇಳಿದ್ದು ಆವತ್ತು.

ಆಮೇಲೆ ಪವಿತ್ರ್ ಹೆಚ್ಚುಕಮ್ಮಿ ಕಾಣೆಯಾದ. 2014ರಲ್ಲಿ ಮಾರ್ವೆಲ್‌ನವರು ಬೇರೆ ಬೇರೆ ಲೋಕಗಳ ಸ್ಪೈಡರ್‌ಮ್ಯಾನ್‌ಗಳನ್ನೆಲ್ಲ ಒಂದೇ ಕಥೆಗೆ ಕರೆದಾಗ ಅವನಿಗೂ ಜಾಗ ಕೊಟ್ಟರು. 2023ರಲ್ಲಿ ನೀನು ನೋಡಿದ ಈ ಸಿನಿಮಾ ಬಂತು. ಹಿಂದಿ, ಪಂಜಾಬಿಯಲ್ಲಿ ಅವನಿಗೆ ದನಿ ಕೊಟ್ಟಿದ್ದು ನಿನ್ನ ಶುಭ್‌ಮನ್ ಗಿಲ್. ಕನ್ನಡದಲ್ಲೂ ಡಬ್ ಆಯಿತು. ಸಿನಿಮಾದ ಪವಿತ್ರ್ ನಗುಮುಖದವನು, ಅವನಿಗೆ ಎಲ್ಲವೂ ಸಲೀಸು. ಅವನೂ ಇಷ್ಟ ನನಗೆ. ಆದರೆ ನನ್ನವನು ಆ ಸ್ಕೂಲಿನ ಹುಡುಗ, ಅವಮಾನ ನುಂಗಿಕೊಂಡು ಮನೆಗೆ ನಡೆಯುವವನು.

ಇದರ ಜೊತೆ ಮೂರು ಸಂಚಿಕೆ ಇಟ್ಟಿದ್ದೇನೆ. ಮೂರನೆಯದು ಯಾರಿಗೋ ಓದಲು ಕೊಟ್ಟಿದ್ದು, ವಾಪಸ್ ಬರಲೇ ಇಲ್ಲ. ಎರಡನೆಯದರ ಪಿನ್ನು ತುಕ್ಕು ಹಿಡಿದಿದೆ, ಪುಟ ಮೆಲ್ಲಗೆ ತಿರುವು. ನೋಟ್‌ಬುಕ್ ಮಾವನ ಹತ್ತಿರ ಇದೆ. ಭಾನುವಾರ ಬರುವಾಗ ತರುತ್ತಾನಂತೆ. ಅಷ್ಟರಲ್ಲಿ ಇವನ್ನು ಓದಿ ಮುಗಿಸು. ಅವನು ಬಂದ ತಕ್ಷಣ ಜೇಡವಾ ಯೋಗಿಯಾ ಅಂತ ನಿನ್ನನ್ನೇ ಕೇಳುತ್ತಾನೆ.

ನಿನ್ನ,
ಅಮ್ಮ