ವಿಜಯಪುರದ ಮಿಸ್ತ್ರಿ ಕಾಕಾರಿಗೆ ಶರಣು

ಕಾಕಾರ, ನಿಮ್ಮ ಹೆಸರು ಸೈತ ಹೇಳದೆ ಬೈಕ್ ಎಂಜಿನ್ನಿನ ಟೈಮಿಂಗ್ ಚೈನ್ (ಕ್ರ್ಯಾಂಕ್ ತಿರುಗಿದಂಗ ವಾಲ್ವ್ ತೆರೆಯೋ ಕ್ಯಾಮನ್ನ ತಿರುಗಿಸೋ ಸರಪಳಿ) ಕೂಡ್ರಿಸೋದನ್ನ ಬಿಡಿಸಿ ಹೇಳಿಕೊಟ್ರಿ. ಅಂಗಳದಾಗ ಬೈಕ್ ಬಿಚ್ಚೋ ನಮ್ಮಂಥವರೆಲ್ಲರ ಶರಣ್ರಿ.

ಕ್ರ್ಯಾಂಕಿನ ತುದಿಯ ಮ್ಯಾಗ್ನೆಟ್ ಮೇಲಿನ ‘ಟಿ’ ಗೆರೆ (ಪಿಸ್ಟನ್ ಪೂರಾ ಮೇಲೆ ಬಂದದ್ದರ ಗುರುತು) ಎಂಜಿನ್ ಕೇಸಿನ ಕಚ್ಚಿಗೆ, ಕ್ಯಾಮ್ ಸ್ಪ್ರಾಕೆಟ್ಟಿನ (ಹಲ್ಲಿನ ಚಕ್ರದ) ಗುರುತು ಸಿಲಿಂಡರ್ ಹೆಡ್ಡಿನ ಗುರುತಿಗೆ, ಎರಡೂ ಒಮ್ಮೆಗೇ ಸೇರಬೇಕು. ಕ್ರ್ಯಾಂಕ್ 2 ಸುತ್ತಿಗೆ ಕ್ಯಾಮ್ 1 ಸುತ್ತು; ಕ್ಯಾಮ್ ಅರ್ಧ ಸುತ್ತಿನಾಗಿದ್ದಾಗಲೂ ‘ಟಿ’ ಕೂಡ್ತದ, ಅದಕ್ಕ ‘ಟಿ’ ಒಂದನ್ನೇ ನಂಬಬಾರದು. ಚೈನಿನ ಸಡಿಲೆಲ್ಲ ಟೆನ್ಷನರ್ (ಚೈನ್ ಬಿಗಿ ಹಿಡಿಯೋ ಭಾಗ) ಕಡೆಗೇ ಇರಲಿ ಅಂದ್ರಲ್ಲ, ಬಹಳ ಮಂದಿ ತಪ್ಪೋದು ಅಲ್ಲೇ ರೀ. ಇನ್ನೊಂದು ಕಡೆ ಸಡಿಲ ಉಳಿದರೆ ಟೆನ್ಷನರ್ ಬಿಗಿದಾಗ ಗುರುತು ಸರೀತದ. ಒಂದು ಹಲ್ಲು ತಪ್ಪಿದರೂ ಗಾಡಿ ಎಳೆಯೋದಿಲ್ಲ. ಹೆಚ್ಚು ತಪ್ಪಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗಬಹುದು.

ಅದಕ್ಕ ಸ್ಪಾರ್ಕ್ ಪ್ಲಗ್ ತೆಗೆದು, ಎಂಜಿನ್ ತಿರುಗೋ ದಿಕ್ಕಿಗೇ ಕೈಯಿಂದ 2 ಸುತ್ತು ತಿರುಗಿಸಿ, ಗುರುತು ಮತ್ತೆ ನೋಡಬೇಕು. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ಆಮೇಲಷ್ಟೇ ಕಿಕ್.